ಮಸೂದೆಯ ಸುದ್ದಿ ಮಂಡ್ಯಕ್ಕೆ ಬಂದ ದಾರಿ

ಹಳೆಯ ಮೈಸೂರು ಸಂಸ್ಥಾನದ ರೈತನಿಗೆ ಸರ್ಕಾರದ ಲೆಕ್ಕಾಚಾರ ಕಿವಿಗೆ ಬೀಳುವ ಮೊದಲ ಅವಕಾಶ ಸಿಕ್ಕಿದ್ದು 1881ರಲ್ಲಿ, ಅದೂ ಅರೆಬರೆಯಾಗಿ. ಆ ವರ್ಷದ ಮಾರ್ಚ್‌ನಲ್ಲಿ ಬ್ರಿಟಿಷರು ರಾಜ್ಯವನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಹಿಂತಿರುಗಿಸಿದ್ದರು. ದಿವಾನ್ ಸಿ. ರಂಗಾಚಾರ್ಲು ಆಗಸ್ಟ್‌ನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆಯುವ ಆದೇಶ ಹೊರಡಿಸಿದರು. ಅಕ್ಟೋಬರ್ 7ರಂದು, ದಸರೆಯ ಬೆನ್ನಿಗೇ, 144 ಮಂದಿ ಮೈಸೂರಿನಲ್ಲಿ ಸೇರಿದರು. ತಾಲ್ಲೂಕಿಗೆ ಒಬ್ಬರೋ ಇಬ್ಬರೋ ರೈತರು, ಜಿಲ್ಲೆಗೆ ಮೂರ್ನಾಲ್ಕು ಮಂದಿ ವರ್ತಕರು ಎಂಬುದು ಆಗಿನ ಲೆಕ್ಕ. ಇಂದಿನ ಮಂಡ್ಯ, ಮದ್ದೂರು, ಮಳವಳ್ಳಿಗಳೆಲ್ಲ ಆಗ ಮೈಸೂರು ಜಿಲ್ಲೆಗೆ ಸೇರಿದ್ದ ಊರುಗಳು.

ಈ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ವರ್ಷದ ಆದಾಯ ಎಷ್ಟು, ಖರ್ಚು ಯಾವುದಕ್ಕೆ, ಯಾವ ಕಾಮಗಾರಿ ಎಲ್ಲಿಗೆ ಬಂತು ಎಂದು ದಿವಾನರು ಒಪ್ಪಿಸುತ್ತಿದ್ದರು. ಸದಸ್ಯರು ತಮ್ಮ ತಮ್ಮ ತಾಲ್ಲೂಕಿನ ಕೆರೆ, ರಸ್ತೆ, ಕಂದಾಯದ ಅಹವಾಲು ಹೇಳಿಕೊಳ್ಳುತ್ತಿದ್ದರು. 1891ರಿಂದ ಸದಸ್ಯರನ್ನು ಚುನಾಯಿಸುವ ಪದ್ಧತಿ ಬಂದರೂ ಮತ ಇದ್ದದ್ದು ನಿಗದಿಯಾದಷ್ಟು ಕಂದಾಯ ಕಟ್ಟುವವರಿಗೆ. ಗೇಣಿದಾರನಾಗಲಿ ಕೂಲಿಯವನಾಗಲಿ ಹೆಂಗಸರಾಗಲಿ ಆ ಪಟ್ಟಿಯಲ್ಲಿ ಇರಲಿಲ್ಲ. ಅವರ ಪಾಲಿಗೆ ಸರ್ಕಾರದ ಮಾತು ತಮಟೆಯವನ ಸಾರಿಕೆಯಿಂದಲೋ ಶ್ಯಾನುಭೋಗರ ಬಾಯಿಂದಲೋ ಬರಬೇಕಿತ್ತು, ಮತ್ತು ಬರುವ ಹೊತ್ತಿಗೆ ಆದೇಶವಾಗಿ ಬರುತ್ತಿತ್ತು. ಬೆಂಗಳೂರಿನ ರೈಲು 1882ರಲ್ಲಿ ಮೈಸೂರು ಮುಟ್ಟಿದ ಮೇಲೆ ದಾರಿಯಲ್ಲಿದ್ದ ಮದ್ದೂರು, ಮಂಡ್ಯಗಳಿಗೆ ಟಪಾಲು, ಪತ್ರಿಕೆಗಳು ಬೇಗ ಬರತೊಡಗಿದವು. ಹಳಿಯಿಂದ ದೂರ ಉಳಿದ ಮಳವಳ್ಳಿಗೆ ಅವೇ ಸುದ್ದಿಗಳು ಗಾಡಿ ಏರಿ ಬರಬೇಕಿತ್ತು. ಮಳವಳ್ಳಿ ಪಟ್ಟಣಕ್ಕೆ ಇಂದಿಗೂ ರೈಲಿಲ್ಲ.

ಕಾನೂನು ಮಾಡುವುದಕ್ಕೆಂದೇ ಒಂದು ಸಭೆ ಹುಟ್ಟಿದ್ದು 1907ರಲ್ಲಿ, ವಿ.ಪಿ. ಮಾಧವರಾವ್ ದಿವಾನರಾಗಿದ್ದಾಗ. ನ್ಯಾಯವಿಧಾಯಕ ಸಭೆ ಎಂದು ಕರೆಸಿಕೊಂಡ ಅದು ಚಿಕ್ಕ ಸಭೆ, ಅಧಿಕಾರಿಗಳೇ ಹೆಚ್ಚಾಗಿದ್ದ ಸಭೆ. ಅದರ ಮರುವರ್ಷವೇ, 1908ರಲ್ಲಿ, ಸಂಸ್ಥಾನದಲ್ಲಿ ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕೆಂಬ ಕಾನೂನು ಬಂತು. ‘ವೃತ್ತಾಂತ ಚಿಂತಾಮಣಿ’ಯ ಎಂ. ವೆಂಕಟಕೃಷ್ಣಯ್ಯನವರು, ಜನ ‘ತಾತಯ್ಯ’ ಎಂದೇ ಕರೆಯುತ್ತಿದ್ದ ಹಿರಿಯರು, ಅದನ್ನು ಪ್ರತಿಭಟಿಸಿ ಪತ್ರಿಕೆ ನಿಲ್ಲಿಸಿದರು. ಕಾನೂನು ಮಾಡುವ ಸಭೆಯೂ ಅದರ ಸುದ್ದಿಯನ್ನು ಹೊರಗೆ ಮುಟ್ಟಿಸುವ ಪತ್ರಿಕೆಗೆ ಹಾಕಿದ ಕಡಿವಾಣವೂ ಹೀಗೆ ಒಂದೇ ವರ್ಷದ ಅಂತರದಲ್ಲಿ ಬಂದವು.

1923ರ ಸುಧಾರಣೆ ಇವೆಲ್ಲಕ್ಕಿಂತ ದೊಡ್ಡದು. ಬ್ರಜೇಂದ್ರನಾಥ ಸೀಲ್ ಅವರ ನೇತೃತ್ವದ ಸಮಿತಿಯ ಸಲಹೆಯಂತೆ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ನೆಲೆ ಕೊಟ್ಟಿತು, ನ್ಯಾಯವಿಧಾಯಕ ಸಭೆಯನ್ನು 50 ಸದಸ್ಯರಿಗೆ ಬೆಳೆಸಿ ಅಧಿಕಾರಿಗಳಲ್ಲದವರಿಗೆ ಬಹುಮತ ಮಾಡಿಕೊಟ್ಟಿತು. ಇಲ್ಲಿಯ ಕಥೆಗೆ ಮುಖ್ಯವಾದದ್ದು ಇನ್ನೊಂದು ಏರ್ಪಾಡು. ತುರ್ತಿನ ಸಂದರ್ಭ ಬಿಟ್ಟರೆ ಯಾವ ಮಸೂದೆಯಾದರೂ ನ್ಯಾಯವಿಧಾಯಕ ಸಭೆಗೆ ಹೋಗುವ ಮುನ್ನ ಅದರ ಮೂಲತತ್ವದ ಬಗ್ಗೆ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳಬೇಕಾಯಿತು. ವರ್ಷಕ್ಕೆ ಎರಡು ಅಧಿವೇಶನ: ಒಂದು ಮಹಾರಾಜರ ವರ್ಧಂತಿಯ ಕಾಲಕ್ಕೆ, ಇನ್ನೊಂದು ದಸರೆಗೆ. ಸಭೆಯ ಅಭಿಪ್ರಾಯವನ್ನು ಸರ್ಕಾರ ಒಪ್ಪಲೇಬೇಕೆಂಬ ಕಟ್ಟಿರಲಿಲ್ಲ. ಆದರೂ ಮಸೂದೆ ನಡುದಾರಿಯಲ್ಲಿ ಒಂದು ಕಡೆ ನಿಲ್ಲುತ್ತಿತ್ತು. ನಿಂತಾಗ ತಾಲ್ಲೂಕಿನಿಂದ ಬಂದವನೊಬ್ಬ ಅದನ್ನು ಓದಿ, ಊರಿಗೆ ಹೋಗಿ, ‘ಹೀಗೊಂದು ಬರುತ್ತಿದೆ’ ಎಂದು ಹೇಳಲು ಸಮಯ ಸಿಗುತ್ತಿತ್ತು. ಅರಸೊತ್ತಿಗೆಯ ಕಾಲದ ಈ ಪದ್ಧತಿಯಷ್ಟು ಸ್ಪಷ್ಟವಾಗಿ ಮಸೂದೆಯನ್ನು ಮೊದಲೇ ಜನರ ಮುಂದಿಡುವ ಕಟ್ಟಳೆ ಆಮೇಲಿನ ಪ್ರಜಾಪ್ರಭುತ್ವದಲ್ಲೂ ಬರಲಿಲ್ಲ ಎಂಬುದು ನೆನಪಿಡಬೇಕಾದ ಸಂಗತಿ.

ಈ ಅವಕಾಶದ ಬೆಲೆ ಎಷ್ಟೆಂಬುದು ಮಂಡ್ಯ ಸೀಮೆಗೆ ನೀರಿನ ಮೂಲಕ ಗೊತ್ತಾಯಿತು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕೆಲಸ ಎರಡು ದಶಕ ನಡೆಯಿತು. ಹುಲಿಕೆರೆಯಲ್ಲಿ ಗುಡ್ಡದ ಹೊಟ್ಟೆ ಕೊರೆದು ಸುರಂಗ ಮಾಡಿ ನಾಲೆ ತಂದರು. ವೈಸರಾಯ್ ಇರ್ವಿನ್ ಹೆಸರು ಹೊತ್ತ ಆ ನಾಲೆಯೇ ಈಗಿನ ವಿಶ್ವೇಶ್ವರಯ್ಯ ನಾಲೆ, ಜನರ ಬಾಯಲ್ಲಿ ವಿ.ಸಿ. ನಾಲೆ. ಅದರಡಿ 1,20,000 ಎಕರೆ ನೀರಾವರಿಯ ಗುರಿ ಇತ್ತು. ಮಳೆ ನಂಬಿ ರಾಗಿ, ಜೋಳ, ಹುರುಳಿ ಬೆಳೆಯುತ್ತಿದ್ದ ಹೊಲಗಳಿಗೆ ನೀರು ಬರುವುದು ಯಾರಿಗೂ ಬೇಡದ ಸಂಗತಿಯಾಗಿರಲಿಲ್ಲ. ಆದರೆ ನೀರಿನ ಜೊತೆಗೇ ಕಟ್ಟುಪಾಡುಗಳೂ ಬಂದವು: ನೀರು ಕಾಣುವ ಜಮೀನಿನ ಬೆಲೆ ಏರುತ್ತದೆಂದು ರೈತ ಸರ್ಕಾರಕ್ಕೆ ತೆರಬೇಕಾದ ವಂತಿಗೆ, ವರ್ಷ ವರ್ಷದ ನೀರ್ಗಂದಾಯ, ಯಾವ ಬ್ಲಾಕಿನಲ್ಲಿ ಯಾವ ಬೆಳೆ ಎಂಬ ನಿಯಮ. ನಾಲೆ ತೋಡುವಾಗ ಇವುಗಳ ವಿವರ ಹೊಲದವನಿಗೆ ತಿಳಿದಿರಲಿಲ್ಲ. ನೋಟೀಸು ಕೈಗೆ ಬಂದಾಗ ತಿಳಿಯಿತು. 1929ರಲ್ಲಿ ಜಗತ್ತಿನ ಮಾರುಕಟ್ಟೆ ಕುಸಿದು ದವಸದ ಬೆಲೆ ಇಳಿದಿತ್ತು. ಅಂಥ ಹೊತ್ತಿನಲ್ಲಿ ಹೊಸ ಹೊರೆ.

1931–32ರಲ್ಲಿ ಈ ಸೀಮೆಯ ರೈತರು ಸಭೆ ಸೇರಿದರು, ಮೆರವಣಿಗೆ ಹೊರಟರು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮುಂದೆ ಅಹವಾಲು ಇಡಲು ಬೆಂಗಳೂರಿನವರೆಗೂ ಹೋದರು. ಇತಿಹಾಸದಲ್ಲಿ ಇದು ಇರ್ವಿನ್ ನಾಲಾ ಚಳವಳಿ. ಮುಂದೆ ಮದ್ದೂರಿನ ದೊಡ್ಡ ರಾಜಕೀಯ ಹೆಸರಾದ ಎಚ್.ಕೆ. ವೀರಣ್ಣಗೌಡರು ಆ ಚಳವಳಿಯ ಮುಂದಾಳುಗಳಲ್ಲಿ ಒಬ್ಬರು. 1932ರಲ್ಲೇ ಮೈಸೂರು ನೀರಾವರಿ ಕಾಯ್ದೆಯೂ ಬಂತು. ಬೆಂಗಳೂರಿನ ಸಭಾಂಗಣದಲ್ಲಿ ಓದುವ ಒಂದು ಕಲಮು ಕೊತ್ತತ್ತಿಯ ಅಥವಾ ಕೆಸ್ತೂರಿನ ಗದ್ದೆಯ ಬದುವಿನ ಮೇಲೆ ಯಾವ ರೂಪ ತಾಳುತ್ತದೆ ಎಂಬ ತಿಳಿವಳಿಕೆ ಈ ಜಿಲ್ಲೆಯಲ್ಲಿ ಬೇರು ಬಿಟ್ಟದ್ದು ಆಗ. ಮುಂದಿನ ದಶಕಗಳಲ್ಲಿ ಮಂಡ್ಯದವರು ಬೇರೆ ಯಾವ ಕಾನೂನನ್ನು ಮರೆತರೂ ನೀರು ಮತ್ತು ನೆಲದ ಕಾನೂನನ್ನು ಬಿಡದೆ ಹಿಂಬಾಲಿಸಿದ್ದಕ್ಕೆ ಕಾರಣ ಅಲ್ಲಿದೆ.

ಕಾನೂನಿನ ಸುದ್ದಿ ತಿಳಿದರೆ ಸಾಲದು, ಕಾನೂನು ಮಾಡುವವರು ಜನರಿಗೆ ಉತ್ತರ ಕೊಡುವವರಾಗಬೇಕು ಎಂಬ ಮಾತು ಗಟ್ಟಿಯಾಗಿ ಕೇಳಿದ್ದು 1938ರ ಏಪ್ರಿಲ್‌ನಲ್ಲಿ, ಮದ್ದೂರಿನ ಪಕ್ಕದ ಶಿವಪುರದಲ್ಲಿ. ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಅಲ್ಲಿ ಸೇರಿತು. ನಿಷೇಧವನ್ನು ಮೀರಿ ಟಿ. ಸಿದ್ದಲಿಂಗಯ್ಯನವರು ತ್ರಿವರ್ಣ ಧ್ವಜ ಹಾರಿಸಿ ಸೆರೆಯಾದರು. ಧ್ವಜದ ಹೆಸರಿನಲ್ಲಿ ನೆನಪಾಗುವ ಈ ಸತ್ಯಾಗ್ರಹದ ಹಿಂದಿದ್ದ ಬೇಡಿಕೆ ಜವಾಬ್ದಾರಿ ಸರ್ಕಾರ. ಮರುವರ್ಷ, 1939ರ ಜುಲೈ 1ರಂದು, ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ಹುಟ್ಟಿತು. ಜಿಲ್ಲಾ ಕಚೇರಿ ಹತ್ತಿರವಾದಂತೆ ಸರ್ಕಾರಿ ಕಾಗದಪತ್ರವೂ ಹತ್ತಿರವಾಯಿತು.

1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. 1949ರ ಡಿಸೆಂಬರ್‌ನಲ್ಲಿ ಪ್ರಜಾಪ್ರತಿನಿಧಿ ಸಭೆ, ನ್ಯಾಯವಿಧಾಯಕ ಸಭೆಗಳೆರಡೂ ಕೊನೆಗೊಂಡವು. 1952ರ ಚುನಾವಣೆಯಲ್ಲಿ ವಯಸ್ಕರೆಲ್ಲರಿಗೂ ಮತ ಬಂತು. ಕಂದಾಯದ ಲೆಕ್ಕ ಹೋಯಿತು. ಇದರಿಂದ ಆದ ಲಾಭ ಅಳೆಯಲಾಗದಷ್ಟು ದೊಡ್ಡದು. ಮಸೂದೆಯನ್ನು ಮೊದಲು ಬೇರೊಂದು ಜನಸಭೆಯ ಮುಂದಿಡುವ ಹಳೆಯ ಕಟ್ಟಳೆ ಆ ದೊಡ್ಡ ಬದಲಾವಣೆಯ ನಡುವೆ ಸದ್ದಿಲ್ಲದೆ ಬಿದ್ದುಹೋಯಿತು. ಜನರೇ ಆರಿಸಿದ ವಿಧಾನಸಭೆ ಇರುವಾಗ ಅದು ಯಾಕೆ ಬೇಕೆಂದು ಆಗ ಯಾರಿಗೂ ಅನ್ನಿಸಿರಲಾರದು. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ 1956ರ ಡಿಸೆಂಬರ್‌ನಲ್ಲಿ, ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದಲ್ಲಿ ವಿಶಾಲ ಮೈಸೂರಿನ ವಿಧಾನಸಭೆ ಸೇರಿತು.

ಆ ಕಾಲದಲ್ಲಿ ಮಳವಳ್ಳಿಯ ಒಬ್ಬ ಓದುಬಲ್ಲವನು ಮಸೂದೆಯೊಂದನ್ನು ಹಿಂಬಾಲಿಸಬೇಕೆಂದರೆ ಇದ್ದ ದಾರಿಗಳು ಕೆಲವೇ. ‘ಪ್ರಜಾವಾಣಿ’, ‘ತಾಯಿನಾಡು’ಗಳಂಥ ಪತ್ರಿಕೆ, ಆಕಾಶವಾಣಿಯ ವಾರ್ತೆ, ಊರಿಗೆ ಬಂದ ಶಾಸಕರ ಭಾಷಣ, ಬೆಂಗಳೂರಿಗೆ ಹೋದಾಗ ಪಾಸು ಪಡೆದು ಗ್ಯಾಲರಿಯಲ್ಲಿ ಕೂರುವುದು. ಅಧಿಕೃತ ಪಠ್ಯ ಇದ್ದದ್ದು ರಾಜ್ಯಪತ್ರದಲ್ಲಿ. ಅದು ತಾಲ್ಲೂಕು ಕಚೇರಿಗೆ ಬರುತ್ತಿತ್ತು, ವಕೀಲರ ಬಳಿಯೂ ಇರುತ್ತಿತ್ತು. ರೈತನ ಕೈಗೆ ಸಿಗುತ್ತಿದ್ದದ್ದು ಅಪರೂಪ. ಸಿಕ್ಕರೂ ಅದರ ಬಹುಭಾಗ ಇಂಗ್ಲಿಷಿನಲ್ಲಿರುತ್ತಿತ್ತು. 1963ರ ರಾಜ್ಯಭಾಷಾ ಕಾಯ್ದೆ ಕನ್ನಡವನ್ನು ಆಡಳಿತ ಭಾಷೆ ಎಂದು ಸಾರಿತು. ಸಂವಿಧಾನದ 348ನೇ ವಿಧಿಯ ಕಾರಣದಿಂದ ಕಾನೂನಿನ ಇಂಗ್ಲಿಷ್ ಪಾಠವನ್ನೂ ಪ್ರಕಟಿಸಬೇಕು, ಪ್ರಮಾಣವಾಗಿ ನಿಲ್ಲುವುದೂ ಅದೇ. ಹಾಗಾಗಿ ಕರ್ನಾಟಕದ ಕಾನೂನುಗಳು ಇಂದಿಗೂ ಎರಡು ಭಾಷೆಯಲ್ಲಿ ಅಚ್ಚಾಗುತ್ತವೆ.

ಕಾನೂನಿನ ಸುದ್ದಿ ತಡವಾಗಿ ಮುಟ್ಟುವುದರ ಪರಿಣಾಮವನ್ನು ಭೂಸುಧಾರಣೆಯ ಕಾನೂನು ಮನೆಮನೆಗೆ ತಿಳಿಸಿತು. ಮೈಸೂರು ಭೂಸುಧಾರಣಾ ಕಾಯ್ದೆಯ ಹೆಸರಿನಲ್ಲಿರುವ ವರ್ಷ 1961. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಕಾನೂನು ಪಾಸಾಗಿದೆ ಎಂದು ಕೇಳಿದವನು ಅದು ಜಾರಿಯಾಗಿಲ್ಲ ಎಂಬುದನ್ನೂ ತಿಳಿದಿರಬೇಕಾಗಿತ್ತು. ಆ ನಡುವಿನ ವರ್ಷಗಳಲ್ಲಿ ಗೇಣಿದಾರನನ್ನು ಎಬ್ಬಿಸಲು ಜಮೀನುದಾರನಿಗೆ ಬೇಕಾದಷ್ಟು ಸಮಯವಿತ್ತು. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಪದ್ಧತಿ ರದ್ದಾಯಿತು, ಗೇಣಿ ಜಮೀನು ಸರ್ಕಾರದ ವಶಕ್ಕೆ ಬಂದು, ಅರ್ಜಿ ಹಾಕಿದ ಗೇಣಿದಾರನಿಗೆ ಭೂನ್ಯಾಯ ಮಂಡಳಿಯ ಮೂಲಕ ಒಡೆತನ ಸಿಗುವಂತಾಯಿತು. ಆ ಅರ್ಜಿಯೇ ನಮೂನೆ 7, ಜನರ ಮಾತಿನಲ್ಲಿ ‘ಡಿಕ್ಲರೇಷನ್’. ಅದಕ್ಕೊಂದು ಕೊನೆಯ ದಿನವಿತ್ತು; ಮತ್ತೆ ಮತ್ತೆ ಮುಂದಕ್ಕೆ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಡಿಕ್ಲರೇಷನ್ ಹಾಕಿದವನ ಮಕ್ಕಳು ಇಂದು ಪಹಣಿಯಲ್ಲಿ ತಮ್ಮ ಹೆಸರು ನೋಡುತ್ತಾರೆ. ಸುದ್ದಿ ತಿಳಿಯದೆಯೋ, ಒಡೆಯರ ಮುಲಾಜಿಗೆ ಬಿದ್ದೋ ಹಾಕದೆ ಉಳಿದವನಿಗೆ ಕಾನೂನು ಇದ್ದೂ ಇಲ್ಲದಂತಾಯಿತು. ಒಂದು ತಾರೀಖು ತಿಳಿಯುವುದು, ತಿಳಿಯದಿರುವುದು ಎರಡು ತಲೆಮಾರಿನ ಬದುಕನ್ನು ತೂಗಿದ ಉದಾಹರಣೆ ಇದಕ್ಕಿಂತ ದೊಡ್ಡದು ಸಿಗಲಾರದು. 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘ ಮಂಡ್ಯದಲ್ಲಿ ಬಲವಾಗಿ ಬೇರೂರಿದ ಮೇಲೆ ಕಾನೂನಿನ ಮಾತನ್ನು ಹಳ್ಳಿಯ ಮಾತಿಗೆ ತಿರುಗಿಸಿ ಹೇಳುವ ಕೆಲಸ ಹಸಿರು ಶಾಲಿನವರ ಸಭೆಗಳಲ್ಲೂ ನಡೆಯಿತು.

1991 ಈ ಇತಿಹಾಸದಲ್ಲಿ ಬೇರೆಯೇ ವರ್ಷ. ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ವರ್ಷಕ್ಕೆ 205 ಟಿಎಂಸಿ ನೀರು ಮೆಟ್ಟೂರು ತಲುಪಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ತಿಂಗಳು ತುಂಬುವಷ್ಟರಲ್ಲಿ, ಜುಲೈ 25ರಂದು, ಎಸ್. ಬಂಗಾರಪ್ಪನವರ ಸರ್ಕಾರ ಕಾವೇರಿ ಕೊಳ್ಳದ ನೀರಾವರಿ ರಕ್ಷಣೆಯ ಸುಗ್ರೀವಾಜ್ಞೆ ಹೊರಡಿಸಿತು. ಆಮೇಲೆ ಅದರ ಜಾಗಕ್ಕೆ ಕಾಯ್ದೆಯೂ ಬಂತು. ರಾಷ್ಟ್ರಪತಿಯವರು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಇಂಥ ಕಾನೂನು ಮಾಡುವ ಅಧಿಕಾರ ರಾಜ್ಯದ ಶಾಸಕಾಂಗಕ್ಕಿಲ್ಲ ಎಂದು ನವೆಂಬರ್ 22ರಂದು ನ್ಯಾಯಾಲಯ ಹೇಳಿತು. ಆ ವರ್ಷ ವಿಧಾನಸಭೆಯ ಅಧ್ಯಕ್ಷ ಪೀಠದಲ್ಲಿದ್ದವರು ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಸುಗ್ರೀವಾಜ್ಞೆ, ಕಾಯ್ದೆ, ಗೆಜೆಟ್ ಎಂಬ ಮಾತುಗಳು ಮಂಡ್ಯದ ಟೀ ಅಂಗಡಿಗಳಲ್ಲಿ ದಿನಬಳಕೆಗೆ ಬಂದದ್ದು ಆ ಆರು ತಿಂಗಳಲ್ಲಿ. ವಿಧಾನಸಭೆ ಒಪ್ಪಿದ ಮಾತ್ರಕ್ಕೆ ಕಾನೂನು ನಿಲ್ಲುವುದಿಲ್ಲ ಎಂಬ ಕಹಿ ಪಾಠವೂ ಆಗಲೇ ಆಯಿತು. 2016ರ ಸೆಪ್ಟೆಂಬರ್ 23ರಂದು ಎರಡೂ ಸದನಗಳು ಕಾವೇರಿ ನೀರನ್ನು ಕುಡಿಯುವುದಕ್ಕೆ ಮಾತ್ರ ಬಳಸಬೇಕೆಂದು ತೀರ್ಮಾನಿಸಿದಾಗ ಮಾಡಿದ್ದು ನಿರ್ಣಯ, ಕಾನೂನಲ್ಲ. ಇಪ್ಪತ್ತೈದು ವರ್ಷದ ಹಿಂದಿನ ಅನುಭವ ಆ ಎಚ್ಚರದ ಹಿಂದೆ ಇತ್ತು.

ಕಂಪ್ಯೂಟರು ಸರ್ಕಾರಿ ಕಾಗದವನ್ನು ಊರಿನ ಹತ್ತಿರಕ್ಕೆ ತಂದದ್ದು ಮೊದಲು ಪಹಣಿಯ ರೂಪದಲ್ಲಿ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ ಬಂದ ‘ಭೂಮಿ’ ಯೋಜನೆಯಿಂದ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅಚ್ಚಾದ ಪಹಣಿ ಸಿಗತೊಡಗಿತು, ಕೈಬರಹದ ಪಹಣಿ ನಿಂತಿತು. ಕರ್ನಾಟಕದ ಮಾಹಿತಿ ಹಕ್ಕು ಕಾಯ್ದೆಯೂ ಅದೇ ಸರ್ಕಾರದ ಕಾಲದ್ದು, 2000ನೇ ಇಸವಿಯದು. ಕೇಂದ್ರದ ಕಾಯ್ದೆ 2005ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದು ಅದನ್ನು ಮೀರಿಸಿತು. ದಾಖಲೆ ಕೇಳುವುದು ಹಕ್ಕು ಎಂಬ ಭಾವನೆ ಹಬ್ಬಿದ ಆ ವರ್ಷಗಳಲ್ಲೇ ವಿಧಾನಮಂಡಲ, ಶಾಸನ ರಚನೆ ಇಲಾಖೆ, ರಾಜ್ಯಪತ್ರ ಒಂದೊಂದಾಗಿ ಅಂತರಜಾಲಕ್ಕೆ ಬಂದವು. ಸೈಬರ್ ಕೆಫೆಯ ಕಾಲ ಮುಗಿದು ಅಗ್ಗದ ಮೊಬೈಲ್ ಡೇಟಾ ಬಂದ ಮೇಲೆ, 2016ರ ಆಚೆಗೆ, ಗದ್ದೆಯ ಬದುವಿನಲ್ಲಿ ನಿಂತೇ ಮಸೂದೆಯನ್ನು ತೆರೆಯುವುದು ಸಾಧ್ಯವಾಯಿತು.

ಈಗ ಇರುವ ವ್ಯವಸ್ಥೆ ಹೀಗೆ. ವಿಧಾನಸಭೆಯ ಜಾಲತಾಣದಲ್ಲಿ ದಿನದ ಕಾರ್ಯಕಲಾಪಗಳ ಪಟ್ಟಿ, ಮಂಡನೆಯಾದ ವಿಧೇಯಕಗಳು, ಪ್ರಶ್ನೋತ್ತರಗಳು, ಸದನದ ನಡವಳಿಗಳು ಸಿಗುತ್ತವೆ. ಕಾಯ್ದೆಯಾದ ಮೇಲೆ ಅದರ ಪಾಠ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿ, ಅಧಿಕೃತ ಪ್ರಕಟಣೆ ಇ-ರಾಜ್ಯಪತ್ರದಲ್ಲಿ. ಪತ್ರಿಕೆಗಳು ಮಸೂದೆ ಎನ್ನುವುದನ್ನು ಸರ್ಕಾರಿ ಕಡತ ವಿಧೇಯಕ ಎನ್ನುತ್ತದೆ, ಕಾಯ್ದೆಯನ್ನು ಅಧಿನಿಯಮ ಎನ್ನುತ್ತದೆ. ಹುಡುಕುವವರು ಇದನ್ನು ಗಮನದಲ್ಲಿಡಬೇಕು. ಹಳೆಯ ಕಡತಗಳಲ್ಲಿ ಎಷ್ಟೋ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪಾದವು, ಇನ್ನೆಷ್ಟೋ ಬರಿ ಸ್ಕ್ಯಾನ್ ಮಾಡಿದ ಚಿತ್ರಗಳು. ಅಂಥವುಗಳಲ್ಲಿ ‘ಕಬ್ಬು’ ಎಂದೋ ‘ನಾಲೆ’ ಎಂದೋ ಹುಡುಕಿದರೆ ಏನೂ ಸಿಗುವುದಿಲ್ಲ, ಪುಟ ತಿರುವಿಯೇ ಓದಬೇಕು. ಕನ್ನಡದ ಸರ್ಕಾರಿ ದಾಖಲೆ ಕನ್ನಡದಲ್ಲಿ ಹುಡುಕಲು ಸಿಗದಿರುವುದು ಸಣ್ಣ ಕೊರತೆಯಲ್ಲ.

ಒಂದು ತಿದ್ದುಪಡಿ ವಿಧೇಯಕವನ್ನು ಕೈಗೆತ್ತಿಕೊಂಡರೆ ಮೊದಲ ಪುಟದಲ್ಲಿ ಎಷ್ಟನೆಯ ವಿಧಾನಸಭೆ, ಎಷ್ಟನೆಯ ಅಧಿವೇಶನ, ವಿಧೇಯಕದ ಸಂಖ್ಯೆ ಇರುತ್ತವೆ. ಆಮೇಲೆ ಸಂಕ್ಷಿಪ್ತ ಹೆಸರು ಮತ್ತು ಪ್ರಾರಂಭ. ಆಮೇಲಿನ ಸಾಲುಗಳು ಇಂಥ ಪ್ರಕರಣದಲ್ಲಿ ಇಂಥ ಪದಗಳ ಬದಲಿಗೆ ಇಂಥ ಪದಗಳನ್ನು ಪ್ರತಿಷ್ಠಾಪಿಸತಕ್ಕದ್ದು, ಇಂಥ ಪ್ರಕರಣವನ್ನು ಬಿಟ್ಟುಬಿಡತಕ್ಕದ್ದು ಎಂಬ ಧಾಟಿಯಲ್ಲಿ ಸಾಗುತ್ತವೆ. ಮೂಲ ಕಾಯ್ದೆ ಪಕ್ಕದಲ್ಲಿಲ್ಲದೆ ಇವು ಅರ್ಥವಾಗುವುದಿಲ್ಲ. ಅದಕ್ಕೇ ಅನುಭವಿಗಳು ವಿಧೇಯಕವನ್ನು ಕೊನೆಯಿಂದ ಓದುತ್ತಾರೆ. ಹಿಂದಿನ ಪುಟಗಳಲ್ಲಿ ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ ಇರುತ್ತದೆ: ಸರ್ಕಾರ ಇದನ್ನು ಯಾಕೆ ತರುತ್ತಿದೆ ಎಂದು ಸರ್ಕಾರವೇ ಕೊಡುವ ಸಮಜಾಯಿಷಿ. ಅದರ ಜೊತೆ ಖರ್ಚಿನ ವಿವರದ ಹಣಕಾಸಿನ ಜ್ಞಾಪನ, ಮಂಡಿಸುವ ಸಚಿವರ ಹೆಸರು. ಎಲ್ಲಕ್ಕಿಂತ ಉಪಯುಕ್ತವಾದದ್ದು ಅನುಬಂಧ. ತಿದ್ದುಪಡಿಗೆ ಒಳಗಾಗುವ ಹಳೆಯ ಪ್ರಕರಣಗಳನ್ನು ಅಲ್ಲಿ ಹಾಗೆಹಾಗೇ ಅಚ್ಚು ಹಾಕಿರುತ್ತಾರೆ. ಹಳೆಯದನ್ನೂ ಹೊಸದನ್ನೂ ಎದುರುಬದುರು ಇಟ್ಟು ಓದಿದರೆ ಯಾವ ಪದ ಹೋಯಿತು, ಯಾವುದು ಬಂತು ಎಂಬುದು ವಕೀಲರ ನೆರವಿಲ್ಲದೆಯೂ ಕಾಣುತ್ತದೆ.

ವಿಧಾನಸಭೆಯ 224 ಸ್ಥಾನಗಳಲ್ಲಿ ಮಂಡ್ಯ ಜಿಲ್ಲೆಗೆ ಈಗ ಏಳು: ಮಂಡ್ಯ, ಮದ್ದೂರು, ಪರಿಶಿಷ್ಟ ಜಾತಿಗೆ ಮೀಸಲಾದ ಮಳವಳ್ಳಿ, ಮೇಲುಕೋಟೆ, ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಕ್ಷೇತ್ರ 2008ರ ಮರುವಿಂಗಡಣೆಯಲ್ಲಿ ಮರೆಯಾಯಿತು. 75 ಸದಸ್ಯರ ವಿಧಾನಪರಿಷತ್ತಿಗೆ ಈ ಜಿಲ್ಲೆಯ ಸ್ಥಳೀಯ ಸಂಸ್ಥೆಗಳ ಸದಸ್ಯರು, ಪದವೀಧರರು, ಶಿಕ್ಷಕರು ಬೇರೆ ಬೇರೆಯಾಗಿ ಮತ ಹಾಕುತ್ತಾರೆ. ಮಸೂದೆ ಹಿಂಬಾಲಿಸುವವರು ಪರಿಷತ್ತನ್ನು ಮರೆಯುವುದೇ ಹೆಚ್ಚು. 2020 ಅದು ತಪ್ಪೆಂದು ತೋರಿಸಿಕೊಟ್ಟಿತು.

ಆ ವರ್ಷದ ಜುಲೈನಲ್ಲಿ, ಕೋವಿಡ್ ನಡುವೆ, ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತರುವ ಸುಗ್ರೀವಾಜ್ಞೆ ಹೊರಟಿತು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ 79ಎ, 79ಬಿ ಪ್ರಕರಣಗಳು ಹೋದವು. ಸೆಪ್ಟೆಂಬರ್‌ನಲ್ಲಿ ವಿಧಾನಸಭೆ ವಿಧೇಯಕವನ್ನು ಅಂಗೀಕರಿಸಿತು. ರೈತ ಸಂಘಟನೆಗಳು ತಿಂಗಳ 28ರಂದು ರಾಜ್ಯ ಬಂದ್ ನಡೆಸಿದವು. ಆದರೆ ಪರಿಷತ್ತು ಅದನ್ನು ಕೈಗೆತ್ತಿಕೊಳ್ಳುವ ಮೊದಲೇ ಅಧಿವೇಶನ ಮುಗಿಯಿತು, ಸುಗ್ರೀವಾಜ್ಞೆಯನ್ನು ಮತ್ತೆ ಹೊರಡಿಸಬೇಕಾಯಿತು. ಡಿಸೆಂಬರ್‌ನಲ್ಲಿ ಪರಿಷತ್ತು ಜಾತ್ಯತೀತ ಜನತಾದಳದ ಬೆಂಬಲದಿಂದ ಅದನ್ನು ಅಂಗೀಕರಿಸಿತು. ಸೆಪ್ಟೆಂಬರ್‌ನ ಸುದ್ದಿ ಓದಿ ‘ಕಾನೂನಾಯಿತು’ ಎಂದುಕೊಂಡವರು ನಿಜವಾಗಿ ಮಾತಾಡಲು ಸಮಯವಿದ್ದ ಎರಡು ತಿಂಗಳನ್ನು ಕಳೆದುಕೊಂಡರು. ಆ ದಳಕ್ಕೆ ಮಂಡ್ಯದಲ್ಲಿದ್ದ ನೆಲೆಯನ್ನು ನೆನೆದರೆ, ಜಿಲ್ಲೆಯ ರೈತರು ತಮ್ಮ ಪ್ರತಿನಿಧಿಗಳ ಮನೆ ಬಾಗಿಲಿಗೆ ಹೋಗಬೇಕಾಗಿದ್ದ ಕಾಲ ಅದೇ.

ಸದನವನ್ನು ಕಣ್ಣಾರೆ ನೋಡುವ ದಾರಿಯೂ ಬದಲಾಗಿದೆ. 2012ರ ಅಕ್ಟೋಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ಅಲ್ಲಿ ನಡೆಯುವ ಅಧಿವೇಶನಕ್ಕೆ ಮಂಡ್ಯದವರು ರಾಜ್ಯದ ಉದ್ದವನ್ನೇ ದಾಟಬೇಕು; ನೇರಪ್ರಸಾರವೇ ಗತಿ. 2019ರ ಅಕ್ಟೋಬರ್‌ನಲ್ಲಿ ಆಗಿನ ವಿಧಾನಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ಸದನದಿಂದ ಹೊರಗಿಟ್ಟರು. ಅಂದಿನಿಂದ ಜನ ನೋಡತೊಡಗಿದ್ದು ಸರ್ಕಾರಿ ಕ್ಯಾಮೆರಾ ಆರಿಸಿದ ದೃಶ್ಯ. ಪೂರ್ತಿ ದಿನದ ಪ್ರಸಾರ ಫೋನಿನಲ್ಲಿ ಸಿಗುವುದು ದೊಡ್ಡ ಅನುಕೂಲ. ಸದನವನ್ನು ನೋಡುವ ಕಣ್ಣು ಒಂದೇ ಆದದ್ದು ನಷ್ಟ. ಎರಡೂ ನಿಜ.

ಹೀಗೆ ದಾರಿಗಳು ಹೆಚ್ಚಿದರೂ ಒಂದು ಕಡೆ ಬಾಗಿಲು ಕಿರಿದಾಗಿಯೇ ಉಳಿದಿದೆ. ಕಾಯ್ದೆಯಡಿ ರೂಪಿಸುವ ಎಷ್ಟೋ ನಿಯಮಗಳ ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ, ಸಲಹೆಗಳಿಗೆ ದಿನ ಕೊಡುತ್ತಾರೆ. ವಿಧೇಯಕಕ್ಕೆ ಅಂಥ ಕಟ್ಟಳೆ ಇಲ್ಲ. ಕಾನೂನಿನ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂದು ಕೇಂದ್ರ 2014ರಲ್ಲಿ ಮಾಡಿಕೊಂಡ ನೀತಿ ಕೇಂದ್ರದ ಇಲಾಖೆಗಳದು, ಅದೂ ಬರಿ ನೀತಿ. ರಾಜ್ಯದಲ್ಲಿ ಮಂಡನೆಗೂ ಅಂಗೀಕಾರಕ್ಕೂ ನಡುವೆ ಕೆಲವೇ ದಿನ ಸಿಗುವುದು ಸಾಮಾನ್ಯ. ವಿಧೇಯಕವನ್ನು ಸಮಿತಿಗೆ ಒಪ್ಪಿಸಿದರೆ ಮಾತ್ರ ಕಾಲ ಹಿಗ್ಗುತ್ತದೆ: 2024ರ ಜುಲೈನ ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕ ಜಂಟಿ ಸಮಿತಿಗೆ ಹೋಗಿ, ಜನರ ಅಭಿಪ್ರಾಯ ಕೇಳಿ, 2025ರ ಮಾರ್ಚ್‌ನಲ್ಲಿ ಅಂಗೀಕಾರವಾಯಿತು. ರಾಜಧಾನಿಯ ವಿಧೇಯಕಕ್ಕೆ ಸಿಕ್ಕ ಆ ಎಂಟು ತಿಂಗಳು ಹಳ್ಳಿಯ ನೆಲ, ನೀರಿನ ವಿಧೇಯಕಗಳಿಗೂ ಸಿಗಬೇಕೆಂದು ಕೇಳುವುದು ನ್ಯಾಯ.

ಅದೇ 2024ರ ಜುಲೈನ ಅಧಿವೇಶನದಲ್ಲಿ 1965ರ ನೀರಾವರಿ ಕಾಯ್ದೆಯ ತಿದ್ದುಪಡಿಯೂ ಅಂಗೀಕಾರವಾಯಿತು. ನಾಲೆಗಳಿಂದ ಅಕ್ರಮವಾಗಿ ನೀರೆತ್ತುವುದಕ್ಕೆ ಶಿಕ್ಷೆ ಹೆಚ್ಚಿಸುವುದು ಅದರ ಸಾರ. ವಿ.ಸಿ. ನಾಲೆಯ ಕೊನೆ ಭಾಗದಲ್ಲಿರುವ ಮಳವಳ್ಳಿ, ಮದ್ದೂರಿನ ರೈತರು ‘ಮೇಲಿನವರು ಎತ್ತಿಕೊಂಡರೆ ನಮಗೆಲ್ಲಿ ನೀರು’ ಎಂದು ತಲೆಮಾರಿನಿಂದ ಕೇಳುತ್ತ ಬಂದಿದ್ದಾರೆ. ನಾಲೆಯ ಪಕ್ಕದಲ್ಲೇ ಪಂಪ್‌ಸೆಟ್ ಇಟ್ಟುಕೊಂಡ ರೈತನ ಹೊಟ್ಟೆಪಾಡು ಬೇರೆ. ಒಂದೇ ತಾಲ್ಲೂಕಿನ ಇಬ್ಬರಿಗೆ ಈ ತಿದ್ದುಪಡಿಯ ಅರ್ಥ ಎರಡು. ಆ ಇಬ್ಬರೂ ತಿಳಿಯಬೇಕಾದದ್ದು ಮಾತ್ರ ಒಂದೇ ಬಗೆಯ ವಿವರ: ಯಾವ ನಾಲೆಗೆ, ಎಷ್ಟು ದೂರದವರೆಗೆ, ಯಾವ ಅಧಿಕಾರಿಗೆ ಅನುಮತಿ ಕೊಡುವ ಹಕ್ಕು.

ಸದನಗಳ ಅಂಗೀಕಾರದಾಚೆಗೂ ಹಿಂಬಾಲಿಸಬೇಕಾದ ಹಂತಗಳಿವೆ. ಸಂವಿಧಾನದ 200ನೇ ವಿಧಿಯಂತೆ ರಾಜ್ಯಪಾಲರು ಅಂಕಿತ ಹಾಕಬಹುದು, ಹಿಂತಿರುಗಿಸಬಹುದು, ರಾಷ್ಟ್ರಪತಿಗೆ ಕಳಿಸಬಹುದು. ನಾಮಫಲಕಗಳಲ್ಲಿ ಶೇಕಡಾ 60ರಷ್ಟು ಭಾಗ ಕನ್ನಡವಿರಬೇಕೆಂಬ ಸುಗ್ರೀವಾಜ್ಞೆ 2024ರ ಜನವರಿಯಲ್ಲಿ ರಾಜಭವನದಿಂದ ಹಿಂದಿರುಗಿ, ಫೆಬ್ರವರಿಯಲ್ಲಿ ವಿಧೇಯಕವಾಗಿ ಸದನಕ್ಕೆ ಬಂದದ್ದು ಕನ್ನಡಿಗರೆಲ್ಲರಿಗೂ ಗೊತ್ತು. ಅಂಕಿತವಾದ ಮೇಲೆ ರಾಜ್ಯಪತ್ರದಲ್ಲಿ ಕಾಯ್ದೆಯ ಸಂಖ್ಯೆ ಬೀಳುತ್ತದೆ. ಅದರ ‘ಪ್ರಾರಂಭ’ದ ಸಾಲಿನಲ್ಲಿ ‘ಈ ಕೂಡಲೇ ಜಾರಿಗೆ’ ಎಂದಿದೆಯೋ, ‘ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನದಿಂದ’ ಎಂದಿದೆಯೋ ನೋಡಬೇಕು. ಎರಡನೆಯದಾದರೆ ಆ ಅಧಿಸೂಚನೆ ಇನ್ನೊಂದು ದಿನದ ರಾಜ್ಯಪತ್ರದಲ್ಲಿ ಬರುತ್ತದೆ, ನಿಯಮಗಳ ಕರಡು ಮತ್ತೊಂದರಲ್ಲಿ. ಕರಡಿನ ಕೊನೆಯಲ್ಲಿ ಆಕ್ಷೇಪಣೆ ಕಳಿಸಬೇಕಾದ ಕಾರ್ಯದರ್ಶಿಯ ವಿಳಾಸವೂ ಕೊನೆಯ ದಿನವೂ ಇರುತ್ತವೆ.